ನೀರಲ್ಲಿದ್ದೂ ಎಲೆ ಯಾಕೆ ಬಾಡುತ್ತೆ?

ಕಳೆದ ರಾಜ್ಯೋತ್ಸವದ ಫೋಟೋಗಳನ್ನು ಒಮ್ಮೆ ಜೂಮ್ ಮಾಡಿ ನೋಡಿ. ತಾಯಿ ಭುವನೇಶ್ವರಿಯ ಚಿತ್ರದ ಎರಡೂ ಪಕ್ಕದಲ್ಲಿ ಹಳದಿಯಾಗಿ ನಿಂತಿರೋದು ನಾವು ಇಟ್ಟ ಆಸ್ಪರಾಗಸ್ ಫರ್ನ್. ಎರಡು ದಿನ ಮುಂಚೆಯೇ ದೇವರಾಜ ಮಾರುಕಟ್ಟೆಗೆ ಹೋಗಿ, ಚೌಕಾಸಿ ಮಾಡಿ, ಕಟ್ಟುಗಟ್ಟಲೆ ತಂದು ಬಕೆಟ್ ನೀರಲ್ಲಿ ಇಟ್ಟಿದ್ವಿ. ಬೆಳಿಗ್ಗೆ ಎತ್ತಿದರೆ ಅರ್ಧ ನೆಲಕ್ಕೆ ಉದುರಿತು. ಸಂಘದ ದುಡ್ಡೂ ಹೋಯಿತು, ಮುಖವೂ ಸಣ್ಣಗಾಯಿತು. ಈ ವರ್ಷವೂ ಅಲಂಕಾರ ನಮ್ಮ ಬ್ಯಾಚ್‌ನದ್ದೇ. ಅದಕ್ಕೇ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹಸಿವಲ್ಲ, ಬಾಯಾರಿಕೆ

ಕತ್ತರಿಸಿದ ಎಲೆಯೂ ತನ್ನ ಪತ್ರರಂಧ್ರಗಳಿಂದ ನೀರನ್ನು ಆವಿ ಮಾಡುತ್ತಲೇ ಇರುತ್ತದೆ. ಆ ಸೆಳೆತಕ್ಕೆ ಕಾಂಡದೊಳಗಿನ ಕ್ಸೈಲಂ ಎಂಬ ಸಣ್ಣ ಕೊಳವೆಗಳಲ್ಲಿ ನೀರು ಮೇಲೇರಬೇಕು. ಕೊಳವೆ ಕಟ್ಟಿಕೊಂಡರೆ ಬಕೆಟ್ ತುಂಬಾ ನೀರಿದ್ದರೂ ಪ್ರಯೋಜನವಿಲ್ಲ. ಕಟ್ಟಿಕೊಳ್ಳಲು ಮುಖ್ಯ ಕಾರಣ ಎರಡು: ಕತ್ತರಿಸಿದಾಗ ಒಳಗೆ ನುಗ್ಗುವ ಗಾಳಿಗುಳ್ಳೆ, ಮತ್ತು ನೀರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಲೋಳೆ.

ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನ ಹೇಗನ್–ಪಾಯ್ಸೆಲ್ ಸೂತ್ರ ನೆನಪಿದೆಯಾ? ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣ. ತ್ರಿಜ್ಯ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲು! ಕಾಂಡ ಅಷ್ಟು ಸರಳ ಪೈಪ್ ಅಲ್ಲ ನಿಜ, ಆದರೆ ಸ್ವಲ್ಪ ಲೋಳೆ ಎಷ್ಟು ಹಾನಿ ಮಾಡಬಲ್ಲದು ಅಂತ ಇದರಿಂದ ಗೊತ್ತಾಗುತ್ತೆ.

ಹಾಗಾಗಿ ನೀರಿಗೆ ಏನೇ ಸೇರಿಸಿದರೂ ಅದರ ಮೊದಲ ಕೆಲಸ ಎಲೆಗೆ ಊಟ ಹಾಕೋದಲ್ಲ, ಪೈಪ್ ಸ್ವಚ್ಛವಾಗಿಡೋದು.

ಮೊದಲು ಮಾಡಬೇಕಾದ್ದು

1. ಪ್ಲಾಸ್ಟಿಕ್ ಬಕೆಟನ್ನು ಸೋಪು ಹಾಕಿ ತೊಳೆಯಿರಿ. ನಾವು ನೆಲ ಒರೆಸುವ ಬಕೆಟನ್ನೇ ಬಳಸಿದ್ವಿ. ತಪ್ಪು ಅಲ್ಲೇ ಶುರುವಾಗಿತ್ತು.
2. ತಂದ ತಕ್ಷಣ ಕಾಂಡದ ತುದಿಯನ್ನು ನೀರೊಳಗೇ ಹಿಡಿದು, ಹರಿತವಾದ ಚಾಕುವಿನಿಂದ 2–3 ಸೆಂ.ಮೀ. ಕತ್ತರಿಸಿ. ಗಾಳಿ ಸೇರಿದ ತುಂಡು ಹೋಗುತ್ತೆ, ಹೊಸ ಗಾಳಿ ಒಳಗೆ ಬರಲ್ಲ.
3. ನೀರಲ್ಲಿ ಮುಳುಗುವ ಎಲೆಗಳನ್ನು ಕಿತ್ತುಬಿಡಿ. ಅವು ಕೊಳೆತು ಬ್ಯಾಕ್ಟೀರಿಯಾಕ್ಕೆ ಆಹಾರವಾಗುತ್ತವೆ.
4. ಫ್ಯಾನ್, ಬಿಸಿಲು, ವೇದಿಕೆಯ ಲೈಟಿನಿಂದ ದೂರವಿಡಿ. ವೀಳ್ಯದೆಲೆ ಮಾರುವವರನ್ನು ಗಮನಿಸಿ: ಒದ್ದೆ ಬಟ್ಟೆ, ಬಾಳೆ ಎಲೆಯಲ್ಲಿ ಸುತ್ತಿಟ್ಟು ಆವಿಯಾಗೋದನ್ನೇ ತಡೀತಾರೆ.

ನೀರಿಗೆ ಏನು ಹಾಕೋದು?

*ನಿಂಬೆ ರಸ:* ಸ್ವಲ್ಪ ಹುಳಿಯಾದ ನೀರು ಕಾಂಡದಲ್ಲಿ ಸುಲಭವಾಗಿ ಏರುತ್ತದೆ, ಬ್ಯಾಕ್ಟೀರಿಯಾ ಬೆಳವಣಿಗೆಯೂ ನಿಧಾನವಾಗುತ್ತದೆ. ರಸದಲ್ಲಿ ಸುಮಾರು ಶೇ. 5ರಷ್ಟು ಸಿಟ್ರಿಕ್ ಆಮ್ಲ ಇರುತ್ತೆ. ಲೀಟರಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಹಾಕಿದರೆ ಸುಮಾರು 250 ಮಿ.ಗ್ರಾಂ. ಆಮ್ಲ ಸಿಗುತ್ತೆ, ಅಷ್ಟು ಸಾಕು. ತಿರುಳು ಬೀಳದಂತೆ ಸೋಸಿ ಹಾಕಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕಾವೇರಿ ನೀರು ಅಥವಾ ಆರ್‌ಒ ನೀರು ಬಳಸಿ.

*ಪಟಿಕ:* ದಿನಸಿ ಅಂಗಡಿಯಲ್ಲಿ ಸಿಗುವ ಆಲಂ. ಇದೂ ನೀರನ್ನು ಹುಳಿ ಮಾಡುತ್ತೆ, ಕಲ್ಮಶವನ್ನು ತಳಕ್ಕೆ ಇಳಿಸುತ್ತೆ. ಲೀಟರಿಗೆ ಅರ್ಧ ಗ್ರಾಂ, ಅಂದರೆ ಒಂದು ಚಿಟಿಕೆ.

*ಬ್ಲೀಚ್:* ಶೇ. 4ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಲೀಟರಿಗೆ 1 ಮಿ.ಲೀ. ಹಾಕಿದರೆ ಸುಮಾರು 40 ಪಿಪಿಎಂ. ಜಾಸ್ತಿ ಹಾಕಿದರೆ ಕಾಂಡವೇ ಸುಟ್ಟು ಬಿಳುಚುತ್ತೆ.

ಎಚ್ಚರಿಕೆ: ಬ್ಲೀಚನ್ನು ನಿಂಬೆ ರಸ, ಪಟಿಕ ಅಥವಾ ಯಾವುದೇ ಆಮ್ಲದ ಜೊತೆ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಬರಬಹುದು. ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಿ.

*ಸಕ್ಕರೆ?* ಮೊಗ್ಗು ಅರಳಬೇಕಾದ ಗುಲಾಬಿ, ಗ್ಲಾಡಿಯೋಲಸ್‌ಗೆ ಅದು ಬೇಕು. ಬಲಿತ ಎಲೆಗೆ ಅರಳುವ ಕೆಲಸವೇ ಇಲ್ಲ. ಸಕ್ಕರೆ ಹೆಚ್ಚಾದರೆ ಎಲೆಯಂಚು ಕಂದಾಗಬಹುದು, ಬ್ಯಾಕ್ಟೀರಿಯಾಕ್ಕಂತೂ ಹಬ್ಬ. ಎಲೆಗೆ ಮಾತ್ರ ಆದರೆ ಸಕ್ಕರೆ ಬಿಟ್ಟುಬಿಡೋದೇ ವಾಸಿ.

*ನಾಣ್ಯ?* ತಾಮ್ರದ ನಾಣ್ಯ ಹಾಕಿ ಅಂತ ಹೇಳೋರಿದ್ದಾರೆ. ನಮ್ಮ ಜೇಬಲ್ಲಿರೋ ಈಗಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲು, ತಾಮ್ರ ಎಲ್ಲಿಂದ ಬರಬೇಕು!

ಯಾವುದನ್ನೇ ಹಾಕಿದರೂ ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ತುದಿಯನ್ನು ಮತ್ತೆ ಕತ್ತರಿಸಬೇಕು.

ಇನ್ನೊಬ್ಬ ಆರೋಪಿ

ನಮ್ಮ ಬಕೆಟ್ ಇದ್ದ ಕೋಣೆಯಲ್ಲೇ ಪ್ರಸಾದಕ್ಕೆ ತಂದ ಬಾಳೆಹಣ್ಣಿನ ಗೊನೆಯೂ ಇತ್ತು, ಬಾಗಿಲು ಮುಚ್ಚಿತ್ತು. ಮಾಗುವ ಬಾಳೆಹಣ್ಣು ಎಥಿಲೀನ್ ಅನಿಲ ಬಿಡುತ್ತೆ. ಅದು ಎಲೆ ಹಳದಿಯಾಗಿ ಉದುರೋದನ್ನು ಚುರುಕು ಮಾಡುತ್ತೆ. ನಮ್ಮ ಫರ್ನ್ ಉದುರಿದ್ದಕ್ಕೆ ಕೊಳಕು ಬಕೆಟ್ ಜೊತೆ ಇದೂ ಕಾರಣ ಇರಬಹುದು. ಹಣ್ಣನ್ನೂ ಹಸಿರನ್ನೂ ಬೇರೆ ಬೇರೆ ಕೋಣೆಯಲ್ಲಿಡಿ.

ನೀವೇ ಪರೀಕ್ಷಿಸಿ

ಒಂದೇ ಅಳತೆಯ ನಾಲ್ಕು ಬಾಟಲಿ ತಗೊಳ್ಳಿ. ಒಂದರಲ್ಲಿ ಬರೀ ನೀರು, ಒಂದರಲ್ಲಿ ನಿಂಬೆ ರಸದ ನೀರು, ಒಂದರಲ್ಲಿ ಪಟಿಕದ ನೀರು. ಈ ಮೂರಕ್ಕೂ ಒಂದೇ ಗಿಡದ, ಒಂದೇ ಉದ್ದದ ಮೂರು ಮೂರು ಕಡ್ಡಿ. ನಾಲ್ಕನೆಯದರಲ್ಲಿ ಕಡ್ಡಿಯಿಲ್ಲದೆ ನೀರು ಮಾತ್ರ. ತಾನಾಗೇ ಎಷ್ಟು ಆವಿಯಾಯಿತು ಅಂತ ತಿಳಿಯೋಕೆ. ದಿನಾ ಒಂದೇ ಹೊತ್ತಿಗೆ ಬಾಟಲಿಯನ್ನೂ ಕಡ್ಡಿಗಳನ್ನೂ ಬೇರೆ ಬೇರೆಯಾಗಿ ಲ್ಯಾಬ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕಡ್ಡಿಯ ತೂಕ ಮೊದಲ ದಿನಕ್ಕಿಂತ ಕಡಿಮೆಯಾಗಿ ಇಳಿಯುತ್ತಲೇ ಹೋದರೆ, ಕುಡಿದದ್ದಕ್ಕಿಂತ ಕಳೆದುಕೊಂಡದ್ದು ಹೆಚ್ಚು ಅಂತ ಅರ್ಥ. ಕಣ್ಣಿಗೆ ಬಾಡಿದ್ದು ಕಾಣೋ ಮುಂಚೆಯೇ ತಕ್ಕಡಿ ಹೇಳಿಬಿಡುತ್ತೆ.

ಈ ಸಲ ಅಲಂಕಾರಕ್ಕೆ ಬರುವ ಜೂನಿಯರ್ಸ್‌ಗೆ ಒಂದು ವಿನಂತಿ: ಅಕ್ಟೋಬರ್ 30ರ ಸಂಜೆ ಬರುವಾಗ ಹರಿತವಾದ ಚಾಕು ತನ್ನಿ. ಬಕೆಟ್ ನಾವು ತೊಳೆದಿಟ್ಟಿರುತ್ತೇವೆ.