ಅಪರಾಧಿಗಿಂತ ಮೊದಲು ನಿರಪರಾಧಿ

ಇಬ್ಬರು ಜೊತೆಗೂಡಿ ಕೊಲೆಗಾರನನ್ನು ಅರಸುವುದು ಪತ್ತೇದಾರಿ ಕಥೆಗಳಲ್ಲಿ ಹಳೆಯ ಪದ್ಧತಿ. 2015ರಲ್ಲಿ ಇಂಗ್ಲೆಂಡಿನ ಐ.ಟಿ.ವಿ. ದೂರದರ್ಶನ ಸಂಸ್ಥೆ ಎರಡು ಕಂತುಗಳಲ್ಲಿ ಪ್ರಸಾರ ಮಾಡಿದ ‘ಕೋಡ್ ಆಫ್ ಎ ಕಿಲ್ಲರ್’ ಎಂಬ ನಾಟಕದಲ್ಲಿಯೂ ಅಂಥ ಜೋಡಿಯೊಂದುಂಟು. ಆದರೆ ಇವರಲ್ಲಿ ಡೇವಿಡ್ ಬೇಕರ್ ಎಂಬವರು ಮಾತ್ರ ಪೊಲೀಸ್ ಅಧಿಕಾರಿ. ಇನ್ನೊಬ್ಬರಾದ ಅಲೆಕ್ ಜೆಫ್ರೀಸರು ಲೆಸ್ಟರ್ ವಿಶ್ವವಿದ್ಯಾನಿಲಯದ ತಳಿವಿಜ್ಞಾನಿ. ಈ ವ್ಯಕ್ತಿಗಳೂ ಆ ಪ್ರಕರಣವೂ ಕವಿಕಲ್ಪನೆಯಲ್ಲ. ಆ ಪ್ರಕರಣದಿಂದ ನಾವು ಕಲಿಯಬೇಕಾದುದೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಲೆಸ್ಟರ್ ನಗರದ ಬಳಿಯ ಹಳ್ಳಿಗಾಡಿನಲ್ಲಿ 1983ರ ನವೆಂಬರಿನಲ್ಲಿ ಒಬ್ಬಳೂ, 1986ರ ಜುಲೈಯಲ್ಲಿ ಇನ್ನೊಬ್ಬಳೂ, ಹೀಗೆ ಹದಿನೈದು ವರ್ಷದ ಇಬ್ಬರು ಬಾಲಕಿಯರು ಅತ್ಯಾಚಾರಕ್ಕೀಡಾಗಿ ಕೊಲೆಯಾದರು. ಪೊಲೀಸರು ಹದಿನೇಳು ವರ್ಷದ ಹುಡುಗನೊಬ್ಬನನ್ನು ಹಿಡಿದು ಪ್ರಶ್ನಿಸಲಾಗಿ, ಎರಡನೆಯ ಕೊಲೆಯನ್ನು ತಾನೇ ಮಾಡಿದುದಾಗಿ ಅವನು ಒಪ್ಪಿಕೊಂಡನು. ಮೊದಲನೆಯದನ್ನು ಮಾತ್ರ ಒಪ್ಪಲಿಲ್ಲ. ಎರಡೂ ಒಬ್ಬನದೇ ಕೃತ್ಯವೆಂದು ನಂಬಿದ್ದ ಪೊಲೀಸರು ಜೆಫ್ರೀಸರ ನೆರವನ್ನು ಕೋರಿದರು.

1984ರ ಸೆಪ್ಟೆಂಬರ್ 10ರಂದು ಜೆಫ್ರೀಸರು ತಮ್ಮ ಪ್ರಯೋಗಶಾಲೆಯಲ್ಲಿ ಹೊಸ ವಿಧಾನವೊಂದನ್ನು ಕಂಡುಕೊಂಡಿದ್ದರು. ನಮ್ಮ ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ನೀಳವಾದ ಎಳೆಯಂಥ ಅಣುಗಳಿವೆ. ಇವುಗಳ ಬಹುಭಾಗವು ಎಲ್ಲ ಮನುಷ್ಯರಲ್ಲಿಯೂ ಒಂದೇ ತೆರನಾಗಿರುವುದು. ಆದರೆ ಕೆಲವು ತಾಣಗಳಲ್ಲಿ ಚಿಕ್ಕದೊಂದು ತುಣುಕು ಜಪಮಾಲೆಯ ಮಣಿಗಳಂತೆ ಮತ್ತೆ ಮತ್ತೆ ಬರುವುದು. ಮಣಿಗಳ ಸಂಖ್ಯೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಡಿ.ಎನ್.ಎ.ಯನ್ನು ಕಿಣ್ವದಿಂದ ಕತ್ತರಿಸಿ, ಲೋಳೆಯಂಥ ಹಾಳೆಯೊಂದರಲ್ಲಿ ವಿದ್ಯುತ್ತಿನಿಂದ ಸರಿಯುವಂತೆ ಮಾಡಿದರೆ, ಗಿಡ್ಡ ತುಂಡುಗಳು ಬೇಗನೆ ಮುಂದೆ ಹೋಗುವುವು, ಉದ್ದವಾದವು ಹಿಂದುಳಿಯುವುವು. ಮಣಿಸಾಲುಗಳಿಗೆ ಮಾತ್ರ ಅಂಟಿಕೊಳ್ಳುವ ವಿಕಿರಣಶೀಲ ವಸ್ತುವನ್ನು ಸೇರಿಸಿದಾಗ ಕ್ಷ-ಕಿರಣದ ಫಿಲ್ಮಿನ ಮೇಲೆ ಕಪ್ಪು ಪಟ್ಟೆಗಳ ಸಾಲು ಮೂಡುವುದು. ಈ ಪಟ್ಟೆಗಳಲ್ಲಿ ಸುಮಾರು ಅರ್ಧ ತಾಯಿಯಿಂದಲೂ ಅರ್ಧ ತಂದೆಯಿಂದಲೂ ಬಂದವು. ಒಂದೇ ಅಂಡದಿಂದಾದ ಅವಳಿಗಳನ್ನುಳಿದು ಬೇರೆ ಯಾವ ಇಬ್ಬರಲ್ಲಿಯೂ ಇಡೀ ಸಾಲು ಒಂದೇ ಆಗಿರುವುದು ಅತ್ಯಂತ ವಿರಳ.

ಇಬ್ಬರು ಬಾಲಕಿಯರ ದೇಹಗಳಲ್ಲಿ ದೊರೆತ ವೀರ್ಯದ ಪಟ್ಟೆಗಳು ಪರಸ್ಪರ ಹೊಂದಿದವು. ಹುಡುಗನ ರಕ್ತದ ಪಟ್ಟೆಗಳಾದರೋ ಅವುಗಳೊಡನೆ ಹೊಂದಲೇ ಇಲ್ಲ! ಕೊಲೆಗಾರನು ಒಬ್ಬನೇ ಎಂಬ ಪೊಲೀಸರ ಊಹೆ ನಿಜವಾಯಿತು. ಅವನು ಈ ಹುಡುಗನೆಂಬುದು ಸುಳ್ಳಾಯಿತು. 1986ರ ನವೆಂಬರಿನಲ್ಲಿ ಹುಡುಗನು ಬಿಡುಗಡೆಯಾದನು.

ಇಲ್ಲಿರುವ ತರ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪಟ್ಟೆಗಳು ಹೊಂದಿದರೆ ‘ಇವನೇ’ ಎಂಬುದು ಸಂಭವನೀಯತೆಯ ಮಾತು. ಅದು ಎಷ್ಟು ಪ್ರಬಲವೆಂಬುದನ್ನು ಗಣಿತದಿಂದ ಅಳೆಯಬೇಕು. ಪರೀಕ್ಷೆ ಸರಿಯಾಗಿ ನಡೆದು ಪಟ್ಟೆಗಳು ಹೊಂದದಿದ್ದರೆ, ‘ಈ ಕುರುಹು ಇವನದಲ್ಲ’ ಎಂಬ ತೀರ್ಮಾನಕ್ಕೆ ಅಂಥ ಲೆಕ್ಕವೇ ಬೇಡ.

1987ರಲ್ಲಿ ಸುತ್ತಲಿನ ಹಳ್ಳಿಗಳ 5,000ಕ್ಕೂ ಹೆಚ್ಚು ಮಂದಿ ಗಂಡಸರ ಮಾದರಿಗಳನ್ನು ಸಂಗ್ರಹಿಸಲಾಯಿತು. ಮೊದಲು ರಕ್ತದ ಗುಂಪನ್ನು ನೋಡಿ ಹಲವರನ್ನು ಕೈಬಿಟ್ಟು, ಉಳಿದವರ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ಯಾರದೂ ಹೊಂದಲಿಲ್ಲ. ಏಕೆಂದರೆ ಕೊಲೆಗಾರನು ಜೊತೆಯ ಕೆಲಸಗಾರನೊಬ್ಬನನ್ನು ಒಲಿಸಿ, ತನ್ನ ಹೆಸರಿನಲ್ಲಿ ಅವನ ರಕ್ತವನ್ನು ಕೊಡಿಸಿದ್ದನು. ಆ ಕೆಲಸಗಾರನು ಮದ್ಯದಂಗಡಿಯಲ್ಲಿ ಆಡಿದ ಮಾತು ಮಹಿಳೆಯೊಬ್ಬರ ಮೂಲಕ ಪೊಲೀಸರನ್ನು ಮುಟ್ಟಿತು. ಸೆಪ್ಟೆಂಬರಿನಲ್ಲಿ ಕೊಲೆಗಾರನು ಸೆರೆಯಾದನು. ಅವನ ಪಟ್ಟೆಗಳು ಹೊಂದಿದವು. 1988ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಪ್ರಯೋಗಶಾಲೆಯು ತನ್ನ ಮುಂದಿಟ್ಟ ರಕ್ತವನ್ನು ಪರೀಕ್ಷಿಸಬಲ್ಲುದು. ಆ ರಕ್ತವನ್ನು ಕೊಟ್ಟವನು ಯಾರೆಂದು ಖಚಿತಪಡಿಸಿಕೊಳ್ಳುವುದು ಮನುಷ್ಯರ ಹೊಣೆ. ಈ ಕಾರಣದಿಂದಲೇ ವಿಜ್ಞಾನಿಗೆ ಪೊಲೀಸಿನವನೂ ಪೊಲೀಸಿನವನಿಗೆ ವಿಜ್ಞಾನಿಯೂ ಬೇಕಾದರು. ಕೊಲೆಗಾರನನ್ನು ಹಿಡಿಯಲು ನೆರವಾದ ವಿಧಾನವೆಂದು ಲೋಕವು ಇದನ್ನು ಕೊಂಡಾಡುತ್ತದೆ. ಆದರೆ ಆ ಪ್ರಕರಣದಲ್ಲಿ ಅದು ಮಾಡಿದ ಮೊದಲನೆಯ ಉಪಕಾರವೆಂದರೆ, ತನ್ನ ಬಾಯಿಂದಲೇ ತಪ್ಪನ್ನು ಒಪ್ಪಿಕೊಂಡಿದ್ದ ನಿರಪರಾಧಿಯೊಬ್ಬನನ್ನು ಮನೆಗೆ ಕಳುಹಿಸಿದುದು.