ಜಿ.ಎಸ್. ಮೋಟಾರ್ ಸೈಕಲ್: ಇದ್ದ ಬಿಡಿಭಾಗಗಳಿಂದ ಹುಟ್ಟಿದ ಹೊಸ ಸರಕು

ನಷ್ಟದಲ್ಲಿ ನಡೆಯುತ್ತಿರುವ ಒಂದು ವಿಭಾಗವನ್ನು ಮುಚ್ಚಬೇಕೆ, ಇಲ್ಲವೆ ಇನ್ನಷ್ಟು ಬಂಡವಾಳ ಹೂಡಿ ಮುಂದುವರಿಸಬೇಕೆ ಎಂಬ ಪ್ರಶ್ನೆ ಎಂದೂ ಎದುರಾಗದ ಉದ್ಯಮಿ ವಿರಳ. ಈ ಪ್ರಶ್ನೆಗೆ ಲಾಭ-ನಷ್ಟದ ತಃಖ್ತೆಯೊಂದನ್ನೇ ನೋಡಿ ಉತ್ತರ ಹೇಳುವುದು ಅಪಾಯಕಾರಿ. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವು 1970ರ ದಶಕದ ಕೊನೆಯಲ್ಲಿ ಇದೇ ಕವಲುದಾರಿಯಲ್ಲಿ ನಿಂತಿತ್ತು. ಆಗ ಅದು ಸಿದ್ಧಪಡಿಸಿದ ಆರ್ 80 ಜಿ/ಎಸ್ ಎಂಬ ಮಾದರಿಯು ವಿಭಾಗವನ್ನು ಉಳಿಸಿದ್ದಲ್ಲದೆ, ಇಂದು ‘ಸಾಹಸ ಪ್ರವಾಸದ ಮೋಟಾರ್ ಸೈಕಲ್’ ಎಂದು ಕರೆಯಲಾಗುವ ಇಡೀ ವರ್ಗಕ್ಕೆ ಮೂಲಪುರುಷನಾಯಿತು. ಡಾಂಬರು ರಸ್ತೆಯಲ್ಲಿ ದೂರ ಪ್ರಯಾಣಕ್ಕೂ, ಮಣ್ಣು-ಕಲ್ಲಿನ ದಾರಿಗೂ, ಸಾಮಾನು ಹೇರಿಕೊಂಡು ಹೋಗುವುದಕ್ಕೂ ಒದಗುವ ವಾಹನವೇ ಈ ವರ್ಗದ್ದು. ಆ ಮಾದರಿಯ ಇತಿಹಾಸವನ್ನೂ ತಾಂತ್ರಿಕ ವಿವರಗಳನ್ನೂ ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಂಕಷ್ಟದ ಹಿನ್ನೆಲೆ

ಬಿ.ಎಂ.ಡಬ್ಲ್ಯು.ವಿನ ಮೊದಲ ಮೋಟಾರ್ ಸೈಕಲ್ ಆರ್ 32 ಹೊರಬಂದದ್ದು 1923ರಲ್ಲಿ. ಮ್ಯಾಕ್ಸ್ ಫ್ರಿಟ್ಸ್ ಎಂಬ ಎಂಜಿನಿಯರ್ ವಿನ್ಯಾಸಗೊಳಿಸಿದ ಅದರಲ್ಲಿ ಎಡ-ಬಲಗಳಿಗೆ ಚಾಚಿದ ಎರಡು ಸಿಲಿಂಡರುಗಳ ‘ಬಾಕ್ಸರ್’ ಎಂಜಿನ್ನೂ, ಚೈನಿನ ಬದಲು ಶಾಫ್ಟ್ ಚಾಲನೆಯೂ ಇದ್ದವು. ಐವತ್ತು ವರ್ಷ ಕಳೆದರೂ ಸಂಸ್ಥೆ ಇದೇ ಮೂಲ ರಚನೆಗೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಜಪಾನಿನ ಹೋಂಡಾ 1969ರಲ್ಲಿ ನಾಲ್ಕು ಸಿಲಿಂಡರುಗಳ ಸಿ.ಬಿ. 750 ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಯಮಹಾ, ಸುಜುಕಿ, ಕವಾಸಾಕಿಗಳು ಹಿಂಬಾಲಿಸಿದವು. ವೇಗ, ಶಕ್ತಿ, ಬೆಲೆ ಮೂರರಲ್ಲಿಯೂ ಜರ್ಮನಿಯ ಯಂತ್ರ ಹಿಂದೆ ಬಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದುದು ವಿನಿಮಯ ದರದಿಂದ. ರಫ್ತು ವ್ಯಾಪಾರ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 1969ರ ಸೆಪ್ಟೆಂಬರಿನವರೆಗೆ ಒಂದು ಅಮೆರಿಕನ್ ಡಾಲರಿಗೆ 4 ಜರ್ಮನ್ ಮಾರ್ಕ್ ನಿಗದಿಯಾಗಿತ್ತು. 1979ರ ವೇಳೆಗೆ ಅದು ಸರಾಸರಿ 1.83 ಮಾರ್ಕಿಗೆ ಇಳಿಯಿತು. ಲೆಕ್ಕಕ್ಕಾಗಿ ಅಮೆರಿಕದಲ್ಲಿ 3,000 ಡಾಲರಿಗೆ ಮಾರಾಟವಾಗುವ ಒಂದು ವಾಹನವನ್ನು ಊಹಿಸೋಣ. ಹಳೆಯ ದರದಲ್ಲಿ ಅದು ತಯಾರಕನಿಗೆ 12,000 ಮಾರ್ಕ್ ತರುತ್ತಿದ್ದರೆ, ಹೊಸ ದರದಲ್ಲಿ ತರುವುದು 5,490 ಮಾತ್ರ. ಕಾರ್ಮಿಕರ ವೇತನ, ಉಕ್ಕು, ಅಲ್ಯೂಮಿನಿಯಂ ಎಲ್ಲಕ್ಕೂ ಪಾವತಿ ಮಾತ್ರ ಮಾರ್ಕಿನಲ್ಲಿಯೇ. ಡಾಲರ್ ಬೆಲೆಯನ್ನು ಏರಿಸಿದರೆ ಗಿರಾಕಿ ಜಪಾನಿನ ವಾಹನದ ಕಡೆಗೆ ತಿರುಗುತ್ತಾನೆ. ಅಮೆರಿಕದ ಗೋದಾಮುಗಳಲ್ಲಿ ಮಾರಾಟವಾಗದ ದಾಸ್ತಾನು ಬೆಳೆಯಿತು. ಕಾರುಗಳಿಂದ ಒಳ್ಳೆಯ ಲಾಭ ಬರುತ್ತಿದ್ದ ಸಂಸ್ಥೆಯಲ್ಲಿ ಮೋಟಾರ್ ಸೈಕಲ್ ವಿಭಾಗ ಬೇಕೆ ಎಂಬ ಮಾತು ಎದ್ದುದು ಸಹಜ.

ಇಂಥ ಸಂದರ್ಭದಲ್ಲಿ ನಮ್ಮ ಸಣ್ಣ ಉದ್ದಿಮೆಗಳಲ್ಲಿ ಆಗುವ ತಪ್ಪೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಒಂದು ವಿಭಾಗ ವರ್ಷಕ್ಕೆ 20 ಲಕ್ಷ ರೂಪಾಯಿ ನಷ್ಟ ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಕಟ್ಟಡದ ಬಾಡಿಗೆ, ಕಚೇರಿಯ ವೇತನ, ಬ್ಯಾಂಕಿನ ಬಡ್ಡಿ ಎಂದು 35 ಲಕ್ಷ ರೂಪಾಯಿ ಹಂಚಿಕೆಯ ಸ್ಥಿರ ವೆಚ್ಚ ಸೇರಿರಬಹುದು. ವಿಭಾಗ ಮುಚ್ಚಿದ ಮರುದಿನ ಆ 35 ಲಕ್ಷ ಮಾಯವಾಗುವುದಿಲ್ಲ. ಉಳಿದ ವಿಭಾಗಗಳ ತಲೆಗೆ ಬೀಳುತ್ತದೆ. ವಾಸ್ತವದಲ್ಲಿ ಆ ವಿಭಾಗವು ಸ್ಥಿರ ವೆಚ್ಚಕ್ಕೆ 15 ಲಕ್ಷ ರೂಪಾಯಿ ಕೊಡುಗೆ ನೀಡುತ್ತಿತ್ತು ಎಂಬುದು ಮುಚ್ಚಿದ ಮೇಲೆ ತಿಳಿಯುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈಗಿರುವ ಯಂತ್ರ, ಅಚ್ಚು, ಕುಶಲ ಕೆಲಸಗಾರರನ್ನೇ ಬಳಸಿ, ಅಲ್ಪ ಹೆಚ್ಚುವರಿ ವೆಚ್ಚದಲ್ಲಿ, ಬೇರೆ ಗಿರಾಕಿಗೆ ಬೇರೆ ಸರಕನ್ನು ಮಾಡಿಕೊಡಲು ಸಾಧ್ಯವೆ?

ಇಪ್ಪತ್ತೊಂದು ತಿಂಗಳ ಕೆಲಸ

1979ರ ಜನವರಿಯಲ್ಲಿ ಕಾರ್ಲ್‌ಹೈನ್ಸ್ ಗೆರ್ಲಿಂಗರ್ ವಿಭಾಗದ ಹೊಣೆ ವಹಿಸಿಕೊಂಡರು. ಜಪಾನಿನವರಿಗೆ ಉತ್ತರವಾಗಿ ನಾಲ್ಕು ಸಿಲಿಂಡರುಗಳ ಹೊಚ್ಚ ಹೊಸ ಕೆ 100 ಮಾದರಿ ರೂಪುಗೊಳ್ಳುತ್ತಿತ್ತಾದರೂ ಅದು ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ನಡುವಣ ವರ್ಷಗಳನ್ನು ದಾಟಿಸುವ ಸರಕೊಂದು ಬೇಕಾಗಿತ್ತು. ಅದಕ್ಕೆಂದು ಖರ್ಚು ಮಾಡಲು ಹೆಚ್ಚು ಹಣವಿರಲಿಲ್ಲ.

ಉತ್ತರ ಕಾರ್ಖಾನೆಯ ಒಳಗೇ ಇತ್ತು. 1978ರಲ್ಲಿ ಜರ್ಮನಿಯ ಕಚ್ಚಾದಾರಿ ಸ್ಪರ್ಧೆಗಳಲ್ಲಿ 750 ಸಿ.ಸಿ.ಗೂ ಮೇಲ್ಪಟ್ಟ ವಾಹನಗಳಿಗೆ ಒಂದು ವರ್ಗವನ್ನು ತೆರೆಯಲಾಗಿತ್ತು. ಬಿ.ಎಂ.ಡಬ್ಲ್ಯು.ವಿನ ಲಾಸ್ಲೊ ಪೆರೆಸ್ ಬಾಕ್ಸರ್ ಎಂಜಿನ್ನಿನ ಒಂದು ಹಗುರ ವಾಹನವನ್ನು ಕಟ್ಟಿ ಆ ವರ್ಷದ ಸ್ಪರ್ಧೆಗಳಲ್ಲಿ ಎರಡನೆಯ ಸ್ಥಾನ ಗಳಿಸಿದ್ದರು. ರುಡಿಗರ್ ಗುಟ್ಶೆ ಎಂಬ ಮತ್ತೊಬ್ಬ ಎಂಜಿನಿಯರ್ ತಮ್ಮ ಸ್ವಂತ ಬಳಕೆಗೆ ಇಂಥದೇ ವಾಹನವನ್ನು ಮಾಡಿಕೊಂಡಿದ್ದರು. ಹವ್ಯಾಸಕ್ಕೆಂದು ಮಾಡಿದ ಈ ಕೆಲಸವೇ ಹೊಸ ಮಾದರಿಯ ಬೀಜವಾಯಿತು. ಯೋಜನೆಯ ನೇತೃತ್ವ ಗುಟ್ಶೆಯವರಿಗೆ ಬಂದಿತು. ಕಾರ್ಖಾನೆಯ ಮೂಲೆಯಲ್ಲಿ ಕೆಲಸಗಾರರು ಊಟದ ಬಿಡುವಿನಲ್ಲಿ ಏನು ಮಾಡುತ್ತಿರುತ್ತಾರೆ ಎಂಬುದರ ಕಡೆಗೆ ಮಾಲೀಕರು ಒಮ್ಮೊಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದೇ.

ಇಪ್ಪತ್ತೊಂದು ತಿಂಗಳುಗಳಲ್ಲಿ ಮಾದರಿ ಸಿದ್ಧವಾಗಿ 1980ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಆವಿನ್ಯೋದಲ್ಲಿ ಪತ್ರಿಕೆಗಳವರ ಮುಂದೆ ಬಂದಿತು. ಹೆಸರಿನ ‘ಜಿ’ ಎಂದರೆ ಗೆಲೆಂಡೆ, ಅಂದರೆ ಬಯಲು ನೆಲ. ‘ಎಸ್’ ಎಂದರೆ ಶ್ಟ್ರಾಸೆ, ಅಂದರೆ ರಸ್ತೆ. ಬೆಲೆ 8,920 ಮಾರ್ಕ್.

ತಾಂತ್ರಿಕ ವಿವರಗಳನ್ನು ನೋಡುವಾಗ ಯಾವುದು ಹಳೆಯದು, ಯಾವುದು ಹೊಸದು ಎಂದು ಬೇರ್ಪಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗಾಳಿಯಿಂದ ತಣಿಯುವ 797.5 ಸಿ.ಸಿ. ಎಂಜಿನ್ ಆಗಲೇ ಮಾರಾಟದಲ್ಲಿದ್ದ ಆರ್ 80/7 ಮಾದರಿಯದು: ಸಿಲಿಂಡರಿನ ವ್ಯಾಸ 84.8 ಮಿ.ಮೀ., ಪಿಸ್ಟನ್ನಿನ ಓಟ 70.6 ಮಿ.ಮೀ., ನಿಮಿಷಕ್ಕೆ 6,500 ಸುತ್ತುಗಳಲ್ಲಿ 50 ಅಶ್ವಶಕ್ತಿ. ಚೌಕಟ್ಟು ಚಿಕ್ಕ ಮಾದರಿಯಾದ ಆರ್ 65ರ ಮೂಲದ್ದು. ಐದು ಗೇರುಗಳ ಪೆಟ್ಟಿಗೆ, ಬಿಂಗ್ ಕಾರ್ಬ್ಯುರೇಟರು, ಶಾಫ್ಟ್ ಎಲ್ಲವೂ ಪರಿಚಿತ ಸಾಮಗ್ರಿಯೇ. ಮುಂದೆ 21 ಅಂಗುಲ, ಹಿಂದೆ 18 ಅಂಗುಲದ ಚಕ್ರಗಳು. ಮುಂದೆ ಒಂದು ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಪೆಟ್ರೋಲ್ ಟ್ಯಾಂಕು 19.5 ಲೀಟರ್, ಪೆಟ್ರೋಲ್ ಸಹಿತ ತೂಕ 186 ಕಿಲೋಗ್ರಾಂ, ಗರಿಷ್ಠ ವೇಗ ಗಂಟೆಗೆ 168 ಕಿಲೋಮೀಟರ್. 800 ಸಿ.ಸಿ. ವಾಹನಕ್ಕೆ ಆ ಕಾಲದಲ್ಲಿ ಇದು ಬಹಳ ಕಡಿಮೆ ತೂಕ.

ನಿಜವಾಗಿ ಹೊಸದೆನ್ನಬಹುದಾದ ಭಾಗ ಮುಖ್ಯವಾಗಿ ಒಂದೇ: ‘ಮೊನೊಲಿವರ್’ ಎಂದು ಹೆಸರಿಟ್ಟ ಹಿಂದಿನ ತೋಳು. ಸಾಮಾನ್ಯವಾಗಿ ಹಿಂದಿನ ಚಕ್ರವನ್ನು ಎರಡು ಬದಿಗಳಿಂದ ಎರಡು ತೋಳುಗಳು ಹಿಡಿದಿರುತ್ತವೆ. ಇಲ್ಲಿ ಬಲಬದಿಯ ಒಂದೇ ತೋಳು, ಅದರೊಳಗೇ ಶಾಫ್ಟ್. ಇದರಿಂದ ಸುಮಾರು 2 ಕಿಲೋಗ್ರಾಂ ತೂಕ ಉಳಿಯಿತು. ತಿರುಚುವಿಕೆಯನ್ನು ತಡೆಯುವ ಶಕ್ತಿಯೂ ಹೆಚ್ಚಿತು. ಗಿರಾಕಿಗೆ ಕಂಡ ಲಾಭವೆಂದರೆ ಮೂರು ಬೋಲ್ಟುಗಳನ್ನು ಬಿಚ್ಚಿದರೆ ಕಾರಿನ ಚಕ್ರದಂತೆ ಹಿಂದಿನ ಚಕ್ರ ಕೈಗೆ ಬರುತ್ತದೆ. ಊರು-ಕೇರಿ ಇಲ್ಲದ ಕಡೆ ಪಂಕ್ಚರ್ ಆದವನಿಗೆ ಇದರ ಬೆಲೆ ಗೊತ್ತು. ಹಣ ಕಡಿಮೆ ಇದ್ದಾಗ ಅದನ್ನು ಗಿರಾಕಿ ಕಣ್ಣಾರೆ ಕಾಣುವ, ಕೈಯಾರೆ ಬಳಸುವ ಒಂದೇ ಭಾಗದ ಮೇಲೆ ಹಾಕಿ ಉಳಿದುದನ್ನು ಕಪಾಟಿನಿಂದ ತೆಗೆದುಕೊಂಡದ್ದು ಈ ಯೋಜನೆಯ ಜಾಣತನ.

ಪ್ರಚಾರಕ್ಕೆ ಮರುಭೂಮಿಯೇ ಒದಗಿತು. ಮಾದರಿ ಪ್ರಕಟವಾದ ಕೆಲವೇ ತಿಂಗಳುಗಳಲ್ಲಿ, 1981ರ ಪ್ಯಾರಿಸ್-ಡಾಕರ್ ರ್‍ಯಾಲಿಯಲ್ಲಿ ಫ್ರಾನ್ಸಿನ ಹ್ಯೂಬರ್ಟ್ ಓರಿಯೋಲ್ ಬಿ.ಎಂ.ಡಬ್ಲ್ಯು. ಏರಿ ಗೆದ್ದರು, 1983ರಲ್ಲಿ ಮತ್ತೊಮ್ಮೆ ಗೆದ್ದರು. 1984 ಮತ್ತು 1985ರಲ್ಲಿ ಬೆಲ್ಜಿಯಂನ ಗ್ಯಾಸ್ಟನ್ ರಾಹಿಯೆ ಗೆದ್ದರು. ಗಿಡ್ಡ ಮೈಕಟ್ಟಿನ ರಾಹಿಯೆ ಆ ಭಾರಿ ವಾಹನದ ಮೇಲೆ ಕುಳಿತ ಚಿತ್ರಗಳು ಜಾಹೀರಾತು ಮಾಡಲಾಗದ ಕೆಲಸವನ್ನು ಮಾಡಿದವು. 1984ರಲ್ಲಿ 32 ಲೀಟರ್ ಟ್ಯಾಂಕಿನ ವಿಶೇಷ ಮಾದರಿಯನ್ನೂ ಹೊರತರಲಾಯಿತು. 1987ರಲ್ಲಿ ತಯಾರಿಕೆ ನಿಂತಾಗ ಒಟ್ಟು 21,864 ವಾಹನಗಳು ಬರ್ಲಿನ್ ನಗರದ ಶ್ಪಾಂಡೌ ಕಾರ್ಖಾನೆಯಿಂದ ಹೊರಬಿದ್ದಿದ್ದವು. ನಮ್ಮ ದ್ವಿಚಕ್ರ ಉದ್ದಿಮೆಯ ಲೆಕ್ಕದಲ್ಲಿ ಇದು ಕ್ಷುಲ್ಲಕ ಸಂಖ್ಯೆ. ಆದರೆ ಅಚ್ಚು-ಯಂತ್ರಗಳಿಗೆ ಹೊಸದಾಗಿ ಹೂಡಿದ್ದು ಅಲ್ಪವಾದ್ದರಿಂದ ಇಷ್ಟು ಮಾರಾಟವೇ ಸಾಕಾಯಿತು.

ವಂಶದ ಬೆಳವಣಿಗೆ

ಅನಂತರದ ಮಾದರಿಗಳನ್ನು ಸಂಕ್ಷೇಪವಾಗಿ ನೋಡಬಹುದು. 1987ರಲ್ಲಿ 980 ಸಿ.ಸಿ., 60 ಅಶ್ವಶಕ್ತಿಯ ಆರ್ 100 ಜಿ.ಎಸ್.; 1994ರಲ್ಲಿ ಇಂಧನ ಇಂಜೆಕ್ಷನ್ ಉಳ್ಳ 80 ಅಶ್ವಶಕ್ತಿಯ ಆರ್ 1100 ಜಿ.ಎಸ್.; 1999ರಲ್ಲಿ ಆರು ಗೇರುಗಳ ಆರ್ 1150 ಜಿ.ಎಸ್. ಬಂದವು. 2004ರಲ್ಲಿ ನಟ ಇವಾನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ 1150ರ ಮೇಲೆ ಲಂಡನ್ನಿನಿಂದ ಪೂರ್ವಾಭಿಮುಖವಾಗಿ ನ್ಯೂಯಾರ್ಕಿನವರೆಗೆ ಪಯಣಿಸಿದ ದೂರದರ್ಶನ ಸರಣಿ ಬೇಡಿಕೆಯನ್ನು ಇನ್ನೊಂದು ಮೆಟ್ಟಿಲು ಏರಿಸಿತು. ಅದೇ ವರ್ಷ ಬಂದ ಆರ್ 1200 ಜಿ.ಎಸ್. ಹಿಂದಿನದಕ್ಕಿಂತ ಸುಮಾರು 30 ಕಿಲೋಗ್ರಾಂ ಹಗುರ. 2013ರ ಮಾದರಿಯಲ್ಲಿ ಎಂಜಿನ್ನಿಗೆ ನೀರಿನ ತಂಪು ಸೇರಿ ಶಕ್ತಿ 125 ಆಯಿತು. 2018ರಲ್ಲಿ ಪ್ರಕಟವಾದ 1,254 ಸಿ.ಸಿ.ಯ ಆರ್ 1250 ಜಿ.ಎಸ್. 136 ಅಶ್ವಶಕ್ತಿ, 249 ಕಿಲೋಗ್ರಾಂ. 2023ರ ಸೆಪ್ಟೆಂಬರಿನಲ್ಲಿ ಬಂದ ಆರ್ 1300 ಜಿ.ಎಸ್. 145 ಅಶ್ವಶಕ್ತಿ, 237 ಕಿಲೋಗ್ರಾಂ. ಅದೇ 2023ರಲ್ಲಿ ಬಾಕ್ಸರ್ ಎಂಜಿನ್ನಿನ ಹತ್ತು ಲಕ್ಷದ ಜಿ.ಎಸ್. ವಾಹನ ಶ್ಪಾಂಡೌವಿನಲ್ಲಿ ತಯಾರಾಯಿತು.

ಈ ಬೆಳವಣಿಗೆಯ ನೆರಳಿನಲ್ಲಿ ಪೂರಕ ಉದ್ದಿಮೆಗಳೂ ಬೆಳೆದವು. ಸಾಮಾನು ಪೆಟ್ಟಿಗೆ, ಎಂಜಿನ್ ರಕ್ಷಣೆಯ ಕಂಬಿ, ದೊಡ್ಡ ಟ್ಯಾಂಕು ಮುಂತಾದವನ್ನು ಮಾಡಿ ಹೆಸರಾದ ಟುರಾಟೆಕ್ ಸಂಸ್ಥೆಯನ್ನು 1990ರಲ್ಲಿ ಹರ್ಬರ್ಟ್ ಶ್ವಾರ್ಟ್ಸ್ ಚಿಕ್ಕ ಪ್ರಮಾಣದಲ್ಲಿ ಆರಂಭಿಸಿದ್ದರು. ವಾಹನ ತಯಾರಕನಿಗಿಂತ ಬಿಡಿ ಪೆಟ್ಟಿಗೆ ಮಾಡುವವನಿಗೆ ಲಾಭದ ಪ್ರಮಾಣ ಹೆಚ್ಚಿರಬಹುದಾದ ವ್ಯಾಪಾರವಿದು. ಆದರೂ ಮಾರುಕಟ್ಟೆ ವಿಸ್ತರಿಸುತ್ತಿದ್ದ ಕಾಲದಲ್ಲಿಯೇ, 2017ರ ಆಗಸ್ಟಿನಲ್ಲಿ, ಆ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಮುಂದೆ ಹಾಪ್ಪಿಶ್ ಎಂಬ ಮತ್ತೊಂದು ಜರ್ಮನ್ ಸಂಸ್ಥೆ ಅದನ್ನು ಕೊಂಡು ನಡೆಸಿತು. ಮಾರಾಟದ ಬೆಳವಣಿಗೆಯೂ ಕೈಯಲ್ಲಿರುವ ನಗದೂ ಒಂದೇ ಅಲ್ಲವೆಂಬುದನ್ನು ಬ್ಯಾಲೆನ್ಸ್ ಶೀಟ್ ಓದಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಹೊಸೂರಿನ ಕೊಂಡಿ

ಮುಖ್ಯ ಮಾದರಿ ದೊಡ್ಡದೂ ದುಬಾರಿಯೂ ಆಗುತ್ತ ಹೋದಂತೆ ಕೆಳಗೆ ಒಂದು ಅಂತರ ಉಂಟಾಯಿತು. ಅದನ್ನು ತುಂಬಲು ಬಿ.ಎಂ.ಡಬ್ಲ್ಯು. ಎರಡು ಬಾರಿ ಹೊರಗಿನವರ ಕೈ ಹಿಡಿಯಿತು. 1993ರ ಎಫ್ 650 ಮಾದರಿಯನ್ನು ಆಸ್ಟ್ರಿಯದ ರೋಟ್ಯಾಕ್ಸ್ ಎಂಜಿನ್ ಬಳಸಿ ಇಟಲಿಯ ಅಪ್ರಿಲಿಯಾ ತಯಾರಿಸಿಕೊಟ್ಟಿತು. ಎರಡನೆಯದು ನಮ್ಮ ಗಡಿಯ ಪಕ್ಕದ್ದು. 2013ರ ಏಪ್ರಿಲಿನಲ್ಲಿ ಟಿ.ವಿ.ಎಸ್. ಮೋಟಾರ್ ಕಂಪನಿಯೊಡನೆ 500 ಸಿ.ಸಿ.ಗಿಂತ ಕೆಳಗಿನ ವಾಹನಗಳಿಗಾಗಿ ಒಪ್ಪಂದವಾಯಿತು. ಅದರ ಫಲವಾದ ಜಿ 310 ಜಿ.ಎಸ್. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿನ ಕಾರ್ಖಾನೆಯಲ್ಲಿ ತಯಾರಾಗಿ ಹೊರದೇಶಗಳಿಗೂ ಹೋಯಿತು.

ಇದರ ಎಂಜಿನ್ 313 ಸಿ.ಸಿ.ಯ ಒಂದೇ ಸಿಲಿಂಡರಿನದು. 34 ಅಶ್ವಶಕ್ತಿ, ಆರು ಗೇರು, ಚೈನ್ ಚಾಲನೆ, ಸುಮಾರು 170 ಕಿಲೋಗ್ರಾಂ ತೂಕ. ಸಿಲಿಂಡರನ್ನು ಹಿಂದಕ್ಕೆ ಬಾಗಿಸಿ, ಗಾಳಿಯ ಒಳದಾರಿಯನ್ನು ಮುಂದಕ್ಕೂ ಹೊಗೆಯ ಹೊರದಾರಿಯನ್ನು ಹಿಂದಕ್ಕೂ ತಿರುಗಿಸಿದ್ದು ಇದರ ವೈಶಿಷ್ಟ್ಯ. ಇದೇ ಎಂಜಿನ್ನಿನ ಮೇಲೆ ಟಿ.ವಿ.ಎಸ್. ತನ್ನ ಅಪಾಚೆ ಆರ್.ಆರ್. 310 ಮಾದರಿಯನ್ನು 2017ರ ಡಿಸೆಂಬರಿನಲ್ಲಿ ಹೊರತಂದಿತು. ಒಂದೇ ಅಚ್ಚಿನ ವೆಚ್ಚವನ್ನು ಎರಡು ಸಂಸ್ಥೆಗಳ ಹಲವು ಮಾದರಿಗಳ ಮೇಲೆ ಹರಡಿದ್ದು 1980ರ ಪಾಠದ ಹೊಸ ರೂಪವೇ.

ಆದರೆ ಬೆಲೆಯ ವಿಷಯದಲ್ಲಿ ಎಡವಿತು. 2018ರ ಜುಲೈನಲ್ಲಿ ಭಾರತದಲ್ಲಿ ಇದರ ಷೋರೂಂ ಬೆಲೆ 3.49 ಲಕ್ಷ ರೂಪಾಯಿ. ಅದಕ್ಕೂ ಮೊದಲೇ, 2016ರಲ್ಲಿ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಸುಮಾರು ಒಂದೂವರೆ ಲಕ್ಷಕ್ಕೆ ಬಂದಾಗಿತ್ತು. 2020ರ ಜನವರಿಯಲ್ಲಿ ಹೆಚ್ಚು ಶಕ್ತಿಯ ಕೆ.ಟಿ.ಎಂ. 390 ಅಡ್ವೆಂಚರ್ 2.99 ಲಕ್ಷಕ್ಕೆ ಬಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಬಿ.ಎಸ್. 6 ಮಾದರಿಯನ್ನು ಹೊರತರುವಾಗ ಬಿ.ಎಂ.ಡಬ್ಲ್ಯು. ಬೆಲೆಯನ್ನು 2.85 ಲಕ್ಷಕ್ಕೆ ಇಳಿಸಿತು. ಹೊಗೆ ನಿಯಮದಿಂದ ವೆಚ್ಚ ಏರಿದ ವರ್ಷದಲ್ಲಿ ಶೇಕಡ 18ರಷ್ಟು ಬೆಲೆ ಇಳಿಸಿದ್ದನ್ನು ನೋಡಿದರೆ ಮೊದಲ ಬೆಲೆಯಲ್ಲಿ ಲಾಂಛನಕ್ಕೆಂದು ಸೇರಿಸಿದ ಭಾಗವೆಷ್ಟು ಎಂದು ಗಿರಾಕಿ ಕೇಳದೆ ಇರಲಾರ. 64,000 ರೂಪಾಯಿ ಹೆಚ್ಚು ಕೊಟ್ಟು ಮೊದಲೇ ಕೊಂಡವನಿಗಂತೂ ಸಮಾಧಾನ ಹೇಳುವುದು ಕಷ್ಟ.

2025ರಲ್ಲಿ ಜಿ 310 ಜಿ.ಎಸ್. ಭಾರತದ ಮಾರುಕಟ್ಟೆಯಿಂದ ನಿವೃತ್ತವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಎಫ್ 450 ಜಿ.ಎಸ್. ಅನಾವರಣಗೊಂಡಿತು: ಎರಡು ಸಿಲಿಂಡರುಗಳ 420 ಸಿ.ಸಿ. ಎಂಜಿನ್, 48 ಅಶ್ವಶಕ್ತಿ, 178 ಕಿಲೋಗ್ರಾಂ, ತಯಾರಿಕೆ ಹೊಸೂರಿನಲ್ಲಿಯೇ. ಇಲ್ಲಿ ತೆರಿಗೆಯ ಅಂಶವೊಂದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರ್ ಸೈಕಲುಗಳ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಮೇಲ್ಪಟ್ಟವುಗಳ ಮೇಲೆ ಸೆಸ್ ಸೇರಿ ಶೇಕಡ 31 ಇದ್ದದ್ದು 40ಕ್ಕೆ ಏರಿತು. 313 ಸಿ.ಸಿ.ಯ ಹಳೆಯ ಜಿ.ಎಸ್. ಉಳಿದಿದ್ದರೆ ಕೆಳಗಿನ ದರಕ್ಕೆ ಸೇರುತ್ತಿತ್ತು; 420 ಸಿ.ಸಿ.ಯ ಹೊಸದು ಮೇಲಿನ ದರಕ್ಕೆ ಸೇರುತ್ತದೆ. ಟಿ.ವಿ.ಎಸ್. ಮಾತ್ರ 2025ರ ಅಕ್ಟೋಬರಿನಲ್ಲಿ ತನ್ನದೇ ಸಾಹಸ ಪ್ರವಾಸದ ವಾಹನ ಅಪಾಚೆ ಆರ್.ಟಿ.ಎಕ್ಸ್. ಹೊರತಂದಾಗ ಅದರ ಎಂಜಿನ್ 299 ಸಿ.ಸಿ. ಆಗಿತ್ತು; ಆರಂಭದ ಬೆಲೆ 1.99 ಲಕ್ಷ ರೂಪಾಯಿ.