ಮರಳ ಮೇಲಿನ ಅಸಲು

ನಮೀಬಿಯಾದ ವಾಲ್ವಿಸ್ ಬೇ ಬಳಿ ಮರುಭೂಮಿ ಕಡಲನ್ನೇ ಮುಟ್ಟುತ್ತದೆ. ಅಲ್ಲಿ ಮಾರ್ಗದರ್ಶಕರು ಪ್ರವಾಸಿಗರನ್ನು ಜೀಪಿನಲ್ಲಿ ಮರಳುದಿಬ್ಬ ಹತ್ತಿಸಿ, ರಾಜಹಂಸಗಳನ್ನು ತೋರಿಸುತ್ತಾರೆ. ಅದೇ ಕರಾವಳಿಯ ಡಮಾರಾ ಟರ್ನ್ ಹಕ್ಕಿ ಬಯಲು ನೆಲದಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ವಾಹನ ದಾರಿ ಬಿಟ್ಟರೆ ಅದು ಚಕ್ರಕ್ಕೆ ಸಿಗುತ್ತದೆ.

ಈ ಪಾಠ ನಮಗೂ ಬೇಕು. ಗೋಕಾಕ, ಹುಕ್ಕೇರಿ ಭಾಗದ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. ಚಳಿಗಾಲಕ್ಕೆ ಡೆಮಾಯ್ಸೆಲ್ ಕ್ರೇನ್ ಹಕ್ಕಿಗಳು ದೂರದೇಶದಿಂದ ಬರುತ್ತವೆ. ನಮ್ಮೂರಿನ ಟಿಟ್ಟಿಭವೂ ಬರಿ ನೆಲದ ಮೇಲೆಯೇ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ 4.

ವಾಣಿಜ್ಯ ವಿದ್ಯಾರ್ಥಿಯಾಗಿ ನನ್ನ ಲೆಕ್ಕ ಇಷ್ಟೇ: ಹಕ್ಕಿ ಅಸಲು, ಪ್ರವಾಸದ ಆದಾಯ ಲಾಭ. ನಮ್ಮ ಮನೆಯ ಉರ್ದುವಿನಲ್ಲೂ ಅದು 'ಅಸಲ್' ಎಂದೇ. ಅಸಲನ್ನೇ ತುಳಿದರೆ ಲಾಭ ಎಲ್ಲಿಂದ ಬರಬೇಕು? ಗೋಕಾಕ, ಮೂಡಲಗಿ, ಹುಕ್ಕೇರಿಯ ಗೆಳೆಯರೇ, ನದಿದಂಡೆಗೆ ಹೋದಾಗ ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ, ನೆಲ ನೋಡಿ ನಡೆಯೋಣ.